ಮೆಣಸಿನಕಾಯಿಯ ಖಾರ ಬೀಜದಲ್ಲಿಲ್ಲ, ಬಣ್ಣದಲ್ಲೂ ಇಲ್ಲ

ಎರಡು ವರ್ಷದ ಹಿಂದೆ ಸಾರಿನ ಪುಡಿ ಮಾಡೋಣ ಅಂತ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದೆ. ತಟ್ಟೆಯಲ್ಲಿ ಒಂದು ಹಿಡಿ ಬೀಜ ಉದುರಿತ್ತು. ಕಸಕ್ಕೆ ಹಾಕುವ ಬದಲು ಬಾಲ್ಕನಿಯಲ್ಲಿ ಖಾಲಿ ಬಿದ್ದಿದ್ದ ಕುಂಡಕ್ಕೆ ಸುಮ್ನೆ ಎರಚಿ ಮರೆತುಬಿಟ್ಟೆ. ಹತ್ತು ದಿನ ಬಿಟ್ಟು ನೋಡಿದರೆ ರಾಗಿ ಪೈರಿನ ಹಾಗೆ ಒತ್ತೊತ್ತಾಗಿ ಎದ್ದು ನಿಂತಿವೆ! ಅಷ್ಟೇ, ಹುಚ್ಚು ಹತ್ತಿತು. ಈಗ ಬಾಲ್ಕನಿ, ತಾರಸಿ ಎರಡೂ ಸೇರಿ 14 ಕುಂಡ ಇವೆ. ಬ್ಯಾಡಗಿ, ಸೂಜಿ ಮೆಣಸು, ಬಜ್ಜಿ ಮೆಣಸಿನಕಾಯಿ, ಜೊತೆಗೆ ಮನೆಯವರೆಲ್ಲ ಮೂರಡಿ ದೂರ ನಿಂತು ನೋಡುವ ಒಂದು ಭೂತ್ ಜೊಲೊಕಿಯಾ.

ನಾನು ಕೃಷಿ ಓದಿದವನಲ್ಲ, ಬಾಣಸಿಗನೂ ಅಲ್ಲ. ಆದರೆ ಈ ಎರಡು ವರ್ಷದಲ್ಲಿ ಒಂದು ವಿಷಯ ತಲೆಗೆ ಹೋಗಿದೆ. ಖಾರ, ಬಣ್ಣ, ಘಮ ಮೂರೂ ಬೇರೆ ಬೇರೆ. ಹುಟ್ಟುವುದೂ ಬೇರೆ ಬೇರೆ ಕಡೆ. ನಾವು ಮೂರನ್ನೂ ಒಟ್ಟಿಗೆ ಕಟ್ಟಿ 'ಮೆಣಸಿನಕಾಯಿ' ಅಂತ ಒಂದೇ ಡಬ್ಬಿಗೆ ಹಾಕಿಬಿಟ್ಟಿದ್ದೇವೆ, ಅಡುಗೆಯಲ್ಲಿ ಆಗುವ ಅರ್ಧ ಎಡವಟ್ಟು ಅಲ್ಲಿಂದಲೇ ಶುರು.

ಮೊದಲು ಖಾರ. ಎಲ್ಲರೂ ಹೇಳುವುದು ಖಾರ ಬೀಜದಲ್ಲಿದೆ ಅಂತ. ಇಲ್ಲ. ಒಂದು ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ದಿಂಡು ಕಾಣುತ್ತದೆ. ಅದರಿಂದ ಗೋಡೆಯ ಕಡೆಗೆ ತೆಳ್ಳನೆಯ ಬಿಳಿ ನರಗಳು ಹೋಗಿರುತ್ತವೆ. ಕ್ಯಾಪ್ಸೈಸಿನ್ ಅನ್ನುವ ಖಾರದ ರಾಸಾಯನಿಕ ತಯಾರಾಗುವುದು ಮುಖ್ಯವಾಗಿ ಅಲ್ಲಿ. ಬೀಜ ಅದರ ಪಕ್ಕದಲ್ಲೇ ಕೂತಿರುವುದರಿಂದ ಮೈಗೆ ಒಂದಿಷ್ಟು ಸವರಿಕೊಳ್ಳುತ್ತದೆ, ಅಷ್ಟೇ. ಬಜ್ಜಿಗೆ ಮೆಣಸಿನಕಾಯಿ ಸೀಳಿ ಬೀಜ ತೆಗೆಯುವಾಗ ದಿಂಡೂ ಜೊತೆಗೇ ಕಿತ್ತು ಬರುತ್ತದಲ್ಲ, ಖಾರ ಕಮ್ಮಿ ಆದದ್ದಕ್ಕೆ ಹೆಸರು ಮಾತ್ರ ಬೀಜಕ್ಕೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ: ಮೊದಲು ಕಾಯಿಯ ತುದಿಯ ಸಿಪ್ಪೆಯನ್ನು ಒಂದು ಚೂರು ಕಚ್ಚಿ, ಆಮೇಲೆ ತೊಟ್ಟಿನ ಹತ್ತಿರದ ಬಿಳಿ ಭಾಗವನ್ನು ನಾಲಿಗೆಗೆ ತಾಗಿಸಿ. ಪಕ್ಕದಲ್ಲಿ ಮೊಸರು ಇಟ್ಟುಕೊಂಡಿರಿ.

ನೀರಲ್ಲ, ಮೊಸರು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ, ತುಪ್ಪ, ಮದ್ಯದಲ್ಲಿ ಕರಗುತ್ತದೆ. ಹಾಗಾಗಿ ಬಾಯಿ ಉರಿಯುವಾಗ ನೀರು ಕುಡಿದರೆ ಖಾರ ತೊಳೆದು ಹೋಗುವ ಬದಲು ಬಾಯಿ ತುಂಬಾ ಓಡಾಡುತ್ತದೆ. ಹಾಲು, ಮೊಸರಿನಲ್ಲಿರುವ ಕೇಸಿನ್ ಅನ್ನುವ ಪ್ರೋಟೀನ್ ಅದನ್ನು ಹಿಡಿದುಕೊಂಡು ನಾಲಿಗೆಯಿಂದ ಎಳೆದೊಯ್ಯುತ್ತದೆ. ಊಟದ ಕೊನೆಗೆ ಮೊಸರನ್ನ ಇಟ್ಟ ನಮ್ಮ ಹಿರಿಯರಿಗೆ ಕೇಸಿನ್ ಗೊತ್ತಿರಲಿಲ್ಲ, ಆದರೆ ಅವರ ನಾಲಿಗೆಗೆ ಗೊತ್ತಿತ್ತು. ಕೈ ಉರಿಗೂ ಇದೇ ಲೆಕ್ಕ. ಮೊದಲು ಕೊಬ್ಬರಿ ಎಣ್ಣೆ ಚೆನ್ನಾಗಿ ಉಜ್ಜಿ, ಆಮೇಲೆ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯಬೇಕು. ಇದು ಗೊತ್ತಿಲ್ಲದೆ ನಾನೊಮ್ಮೆ ಸೂಜಿ ಮೆಣಸು ಹೆಚ್ಚಿ, ಬರೀ ನೀರಲ್ಲಿ ಕೈ ತೊಳೆದು, ಅರ್ಧ ಗಂಟೆ ಬಿಟ್ಟು ಕಣ್ಣಿನ ಲೆನ್ಸ್ ತೆಗೆಯಲು ಹೋದೆ. ಆ ರಾತ್ರಿಯ ವಿವರ ಬೇಡ.

ಇನ್ನೊಂದು ಮಜಾ ಇದೆ. ಖಾರ ಅನ್ನುವುದು ರುಚಿಯೇ ಅಲ್ಲ. ಸಿಹಿ, ಹುಳಿ, ಉಪ್ಪು, ಕಹಿಗೆ ನಾಲಿಗೆಯಲ್ಲಿ ಬೇರೆ ವ್ಯವಸ್ಥೆ ಇದೆ. ಖಾರ ಹೋಗಿ ತಟ್ಟುವುದು ನೋವು ಮತ್ತು ಬಿಸಿಯನ್ನು ಹೇಳುವ ನರಗಳಿಗೆ. ಆ ನರಗಳ ಮೇಲೆ ಟಿಆರ್‌ಪಿವಿ1 ಅನ್ನುವ ಒಂದು ಬಾಗಿಲು ಇದೆ. ಅದು ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ತಾಗಿದರೆ ತೆರೆದು 'ಸುಡ್ತಿದೆ' ಅಂತ ಮಿದುಳಿಗೆ ಹೇಳುತ್ತದೆ. ಕ್ಯಾಪ್ಸೈಸಿನ್ ಅದೇ ಬಾಗಿಲಿಗೆ ಕಳ್ಳಕೀಲಿ. ಬಿಸಿ ಏನೂ ಇಲ್ಲದೆಯೂ ತೆರೆಸಿಬಿಡುತ್ತದೆ. ಈ ಬಾಗಿಲನ್ನು ಡೇವಿಡ್ ಜೂಲಿಯಸ್ ಮತ್ತು ಅವರ ತಂಡ 1997ರಲ್ಲಿ ಗುರುತಿಸಿದರು, 2021ರಲ್ಲಿ ಅವರಿಗೆ ಆರ್ಡೆಮ್ ಪಟಪೌಟಿಯನ್ ಜೊತೆ ವೈದ್ಯಕೀಯ ನೊಬೆಲ್ ಬಂತು. ಇಂಗ್ಲಿಷಿನವರು ಬಿಸಿಗೂ ಖಾರಕ್ಕೂ 'ಹಾಟ್' ಅಂತ ಒಂದೇ ಪದ ಬಳಸುವುದು ಎಂಥಾ ಬಡತನ ಅಂತ ನಾನು ನಗುತ್ತಿದ್ದೆ. ನೋಡಿದರೆ ನರದ ಮಟ್ಟದಲ್ಲಿ ಅವರೇ ಸರಿ! ಕುದಿಯುವ ಸಾರು ಜಾಸ್ತಿ ಖಾರ ಅನ್ನಿಸಿ, ಅದೇ ಸಾರು ಆರಿದ ಮೇಲೆ ಸಪ್ಪೆ ಅನ್ನಿಸುವುದಕ್ಕೂ ಇದೇ ಕಾರಣ, ಬಿಸಿಯೂ ಖಾರವೂ ಸೇರಿ ಒಂದೇ ಬಾಗಿಲನ್ನು ತಳ್ಳುತ್ತಿರುತ್ತವೆ. ಮತ್ತೆ ಮತ್ತೆ ಖಾರ ತಿಂದರೆ ಆ ನರ ನಿಧಾನಕ್ಕೆ ಮರಗಟ್ಟುತ್ತದೆ. ಖಾರ ತಿಂದು ಅಭ್ಯಾಸ ಆಗುವುದು ಹಾಗೆ. ನೋವಿಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಕ್ಯಾಪ್ಸೈಸಿನ್ ಇರುವುದೂ ಇದಕ್ಕೇ.

ಗಿಡಕ್ಕೆ ಈ ಉಸಾಬರಿ ಯಾಕೆ ಬೇಕಿತ್ತು? ಹಕ್ಕಿಗಳಿಗಾಗಿ. ಹಕ್ಕಿಗಳಲ್ಲಿ ಇರುವ ಇದೇ ಬಾಗಿಲಿಗೆ ಕ್ಯಾಪ್ಸೈಸಿನ್ ಕೀಲಿ ಹೊಂದುವುದಿಲ್ಲ. ಗಿಳಿ ಸೂಜಿ ಮೆಣಸನ್ನು ದ್ರಾಕ್ಷಿ ತಿಂದ ಹಾಗೆ ತಿನ್ನುತ್ತದೆ. ಬೀಜ ಹೊಟ್ಟೆಯೊಳಗೆ ಹಾಳಾಗದೆ ದೂರ ಹೋಗಿ ಬೀಳುತ್ತದೆ. ಇಲಿ ಥರದ ಪ್ರಾಣಿ ತಿಂದರೆ ಹಲ್ಲಿನಲ್ಲಿ ಅರೆದು ಬೀಜವನ್ನೇ ಸಾಯಿಸುತ್ತದೆ, ಅವಕ್ಕೆ ಖಾರದ ಏಟು. ಮಲೆನಾಡಿನ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಡಿಕೆ ತೋಟದ ಅಂಚಿನಲ್ಲಿ ಯಾರೂ ನೆಡದ ಸೂಜಿ ಮೆಣಸಿನ ಗಿಡ ಎದ್ದಿರುತ್ತದಲ್ಲ, ಅದನ್ನು ನೆಟ್ಟದ್ದು ಹಕ್ಕಿ.

ಈಗ ಬಣ್ಣ. ಬ್ಯಾಡಗಿ ಹಾಕಿದ ಸಾರು ನೋಡಿ ಹೊಸಬರು ಹೆದರುತ್ತಾರೆ, ಅಷ್ಟು ಕೆಂಪು. ಆದರೆ ಕೆಂಪು ಬರುವುದು ಕ್ಯಾಪ್ಸಾಂಥಿನ್ ಅನ್ನುವ ಬೇರೆಯೇ ವಸ್ತುವಿನಿಂದ. ಅದು ಇರುವುದು ಸಿಪ್ಪೆಯಲ್ಲಿ, ಗಜ್ಜರಿಯ ಬಣ್ಣದ ಬಳಗಕ್ಕೆ ಸೇರಿದ್ದು. ಖಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಹೆಸರಾಗಿರುವುದು ಇದಕ್ಕೇ: ಬಣ್ಣ ತುಂಬಾ, ಖಾರ ಕಮ್ಮಿ. ಅದರಲ್ಲಿ ಎರಡು ಬಗೆ. ಗಿಡ್ಡಗೆ, ದಪ್ಪಗೆ ಇರುವುದು ಡಬ್ಬಿ, ಉದ್ದಕ್ಕೆ, ತೆಳ್ಳಗೆ ಇರುವುದು ಕಡ್ಡಿ. ಎರಡರ ಮೈಯೂ ಸುಕ್ಕು ಸುಕ್ಕು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಬ್ಯಾಡಗಿ ಪೇಟೆಗೆ ಬರುವ ಕಾಯಿಯೆಲ್ಲ ಸಾರಿಗೆ ಹೋಗುವುದಿಲ್ಲ, ಅದರಿಂದ ಓಲಿಯೋರೆಸಿನ್ ಅನ್ನುವ ಕೆಂಪು ಸಾರ ತೆಗೆದು ತಿಂಡಿಗಳಿಗೆ, ಲಿಪ್‌ಸ್ಟಿಕ್‌ಗೂ ಬಣ್ಣವಾಗಿ ಬಳಸುತ್ತಾರೆ. ಈ ಬಣ್ಣ ಬೆಳಕಿಗೆ ಮಾಸುತ್ತದೆ. ಗಾಜಿನ ಭರಣಿಯಲ್ಲಿ ಕಿಟಕಿಯ ಹತ್ತಿರ ಚೆಂದ ಕಾಣಲಿ ಅಂತ ಇಟ್ಟ ನನ್ನ ಮೆಣಸಿನಪುಡಿ ಆರು ತಿಂಗಳಿಗೆ ಇಟ್ಟಿಗೆ ಪುಡಿಯ ಹಾಗಾಯಿತು. ಖಾರ ಮಾತ್ರ ಇತ್ತು. ಬೇರೆ ಬೇರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು, ಅಲ್ವಾ?

ಖಾರದ ಅಂಕಿಗಳ ಬಗ್ಗೆ ಒಂದು ಮಾತು, ಯಾಕಂದರೆ ಹೊಸಬರು ಬೀಳುವುದೇ ಈ ಹಳ್ಳಕ್ಕೆ. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಅನ್ನುವ ಔಷಧ ತಜ್ಞ ಒಂದು ಉಪಾಯ ಮಾಡಿದ. ಒಣಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ಕಲಸುತ್ತಾ ಹೋಗಿ, ರುಚಿ ನೋಡುವವರಿಗೆ ಖಾರ ಗೊತ್ತೇ ಆಗದಷ್ಟು ತೆಳ್ಳಗಾಗಲು ಎಷ್ಟು ಪಟ್ಟು ಕಲಸಬೇಕಾಯಿತು ಅನ್ನುವುದೇ ಅಂಕಿ. ಈಗ ನಾಲಿಗೆ ಬೇಡ, ಯಂತ್ರದಲ್ಲಿ ಕ್ಯಾಪ್ಸೈಸಿನ್ ಅಳೆದು ಆ ಅಂಕಿಗೆ ಬದಲಾಯಿಸುತ್ತಾರೆ. ಬ್ಯಾಡಗಿ ಹತ್ತು ಹದಿನೈದು ಸಾವಿರದ ಆಸುಪಾಸು, ಗುಂಟೂರಿನ ಸಣ್ಣಂ 30–40 ಸಾವಿರ. ಈಶಾನ್ಯ ಭಾರತದ ಭೂತ್ ಜೊಲೊಕಿಯಾ ಹತ್ತು ಲಕ್ಷ ದಾಟಿ 2007ರಲ್ಲಿ ಗಿನ್ನೆಸ್ ದಾಖಲೆ ಮಾಡಿತು. ಆಮೇಲೆ ಅಮೆರಿಕದ ಎಡ್ ಕರಿ ಬೆಳೆಸಿದ ಕ್ಯಾರೊಲಿನಾ ರೀಪರ್ ಬಂತು, 2023ರಲ್ಲಿ ಅವನದೇ ಪೆಪ್ಪರ್ ಎಕ್ಸ್ ಸರಾಸರಿ 26,93,000ಕ್ಕೆ ಏರಿತು. ಆದರೆ ಈ ಅಂಕಿಗಳೆಲ್ಲ ಒಣಗಿದ ಕಾಯಿಯ ತೂಕಕ್ಕೆ ಲೆಕ್ಕ ಹಾಕಿದ್ದು. ಹಸಿ ಕಾಯಿಯಲ್ಲಿ ಹೆಚ್ಚುಕಮ್ಮಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಅದಕ್ಕೇ ಒಂದು ಹಸಿ ಕಾಯಿ ಕಚ್ಚಿದರೆ ಅಂಕಿ ಹೇಳುವಷ್ಟು ಉರಿಯುವುದಿಲ್ಲ, ಅದೇ ಕಾಯಿ ಒಣಗಿ ಪುಡಿಯಾದರೆ ಒಂದು ಚಿಟಿಕೆಗೆ ಕಣ್ಣೀರು. ಅದೂ ಅಲ್ಲದೆ ಒಂದೇ ಗಿಡದ ಎರಡು ಕಾಯಿಗಳ ಖಾರವೂ ಒಂದೇ ಇರುವುದಿಲ್ಲ. ಅಂಕಿ ನೋಡಿ ಬೀಜ ಕೊಳ್ಳುವುದು ಬಿಡಿ ಅಂತ ನನ್ನ ಸಲಹೆ, ನಾನು ಬಿಟ್ಟಿಲ್ಲ.

ಘಮ ಮೂರನೆಯದು, ಮತ್ತು ನನ್ನ ಪ್ರಕಾರ ಇದೇ ನಿಜವಾದ ವಿಷಯ. ಭೂತ್ ಜೊಲೊಕಿಯಾ ಕಾಯಿಯನ್ನು ಮೂಗಿನ ಹತ್ತಿರ ಹಿಡಿದರೆ ಹಣ್ಣಿನ ವಾಸನೆ ಬರುತ್ತದೆ, ಒಂಥರಾ ಮಾಗಿದ ಸೀಬೆ, ಅನಾನಸ್ ಸೇರಿಸಿದ ಹಾಗೆ. ಬ್ಯಾಡಗಿಯ ಘಮವೇ ಬೇರೆ, ಒಣದ್ರಾಕ್ಷಿಯ ಕಡೆಗೆ ವಾಲುತ್ತದೆ. ಹಸಿಮೆಣಸಿನಕಾಯಿಯದು ಆಗ ತಾನೇ ಕತ್ತರಿಸಿದ ಹುಲ್ಲಿನದು. ಅದಕ್ಕೇ ಒಂದರ ಬದಲು ಇನ್ನೊಂದು ಹಾಕಿದರೆ ಖಾರ ಸರಿಹೋಗಬಹುದು, ಸಾರು ಮಾತ್ರ ಬೇರೆ ಮನೆಯದಾಗಿರುತ್ತದೆ.

ಸರಿ, ಬೆಳೆಯುವುದು ಹೇಗೆ. ಅಂಗಡಿಯ ಒಣಮೆಣಸಿನ ಬೀಜ ಬಹಳಷ್ಟು ಸಲ ಮೊಳೆಯುತ್ತದೆ, ತೀರಾ ಹಳೆಯದೋ ಬಿಸಿ ತಾಗಿದ್ದೋ ಆಗಿರಬಾರದು ಅಷ್ಟೇ. ಒಂದು ರಾತ್ರಿ ನೆನೆಸಿ, ತೆಂಗಿನ ನಾರಿನ ಪುಡಿಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, ಮೇಲೆ ಪ್ಲಾಸ್ಟಿಕ್ ಹೊದೆಸಿ ಬೆಚ್ಚಗಿನ ಜಾಗದಲ್ಲಿಡಿ. ಬೀಜಕ್ಕೆ ಬೇಕಾದದ್ದು 25ರಿಂದ 30 ಡಿಗ್ರಿ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ನಾನು ಹಾಕಿದ್ದು ಮೊಳೆಯಲೇ ಇಲ್ಲ. ಸೆಟ್ ಟಾಪ್ ಬಾಕ್ಸ್ ಮೇಲೆ ಇಟ್ಟ ಮೇಲೆ ಎದ್ದವು. ಬ್ಯಾಡಗಿಗೆ ಹತ್ತು ದಿನ ಸಾಕು, ಜೊಲೊಕಿಯಾ 27 ದಿನ ಕಾಯಿಸಿತು, ಅಷ್ಟರಲ್ಲಿ ನಾನು ಎರಡು ಸಲ ಮಣ್ಣು ಕೆದಕಿ ನೋಡಿದ್ದೆ. ಕೆದಕಬೇಡಿ. ನಾಲ್ಕಾರು ಎಲೆ ಬಂದ ಮೇಲೆ ಒಂದು ಕುಂಡಕ್ಕೆ ಒಂದೇ ಸಸಿ, ಕುಂಡ ಕಡಿಮೆ ಅಂದರೂ 12 ಇಂಚು. ನಾನು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ನಾರಿನ ಪುಡಿ ಹಾಕುತ್ತೇನೆ. ಬಿಸಿಲು ಆರು ಗಂಟೆಯಾದರೂ ಬೇಕು.

ನೀರು ಜಾಸ್ತಿ ಹಾಕಿ ಸಾಯಿಸುವವರೇ ಹೆಚ್ಚು. ಮಣ್ಣಿಗೆ ಬೆರಳು ಚುಚ್ಚಿ, ಒಂದು ಇಂಚು ಒಣಗಿದ್ದರೆ ಮಾತ್ರ ನೀರು. ಮಧ್ಯಾಹ್ನ ಎಲೆ ಸ್ವಲ್ಪ ಜೋತುಬಿದ್ದರೆ ಗಾಬರಿ ಬೇಡ, ಸಂಜೆಗೆ ಎದ್ದರೆ ಸರಿ ಇದೆ ಅಂತ. ಇನ್ನು ಪ್ರೀತಿ ಉಕ್ಕಿ ಯೂರಿಯಾ ಹಾಕಿದ ನನ್ನ ಎರಡು ಗಿಡಗಳು ಮೂರಡಿ ಬೆಳೆದು ಹಸಿರು ಛತ್ರಿಯ ಹಾಗೆ ನಿಂತವು, ಒಂದು ಹೂವಿಲ್ಲ. ಸಾರಜನಕ ಜಾಸ್ತಿಯಾದರೆ ಗಿಡಕ್ಕೆ ಎಲೆಯದೇ ಧ್ಯಾನ. ಹೂ ಬಂದೂ ಉದುರಿದರೆ ಹೆಚ್ಚಾಗಿ ಸೆಕೆ ಕಾರಣ, ಹಗಲು 35 ಡಿಗ್ರಿ ದಾಟಿದರೆ ಗಿಡ ತಾನೇ ಹೂ ಬಿಸಾಕುತ್ತದೆ. ಮಳೆ ಬಂದು ತಂಪಾದರೆ ಮತ್ತೆ ಕಟ್ಟುತ್ತದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಮುರುಟು ರೋಗ. ಹೊಸ ಚಿಗುರು ಸುಕ್ಕುಗಟ್ಟಿ, ಎಲೆ ಮುದುಡಿ, ಗಿಡ ಮುನಿಸಿಕೊಂಡ ಹಾಗೆ ನಿಂತುಬಿಡುತ್ತದೆ. ಎಲ್ಲದಕ್ಕೂ ಒಂದೇ ಔಷಧ ಹೊಡೆಯುತ್ತಾ ನಾನು ಎರಡು ತಿಂಗಳು ಕಳೆದೆ, ಆಮೇಲೆ ಊರಿನಲ್ಲಿ ಮೆಣಸಿನಕಾಯಿ ಬೆಳೆಯುವ ನೆಂಟರೊಬ್ಬರು ಫೋನಿನಲ್ಲಿ ಫೋಟೊ ನೋಡಿ ಒಂದೇ ಪ್ರಶ್ನೆ ಕೇಳಿದರು: ಮೇಲಕ್ಕೆ ಮುದುಡಿದೆಯೋ, ಕೆಳಕ್ಕೋ? ಎಲೆಯ ಅಂಚು ಮೇಲಕ್ಕೆ ಎದ್ದು ದೋಣಿಯ ಹಾಗಾಗಿದ್ದರೆ ಥ್ರಿಪ್ಸ್ ಅನ್ನುವ ರಸ ಹೀರುವ ಪುಟಾಣಿ ಕೀಟ. ಕೆಳಕ್ಕೆ ಮಡಚಿ ಮಗುಚಿದ ದೋಣಿಯ ಹಾಗಾಗಿದ್ದರೆ ನುಸಿ. ಎಲೆ ಸಣ್ಣದಾಗಿ, ಹಳದಿಗಟ್ಟಿ, ಗಿಡವೇ ಕುಳ್ಳಾಗಿ ಪೊದೆಯಾದರೆ ಬಿಳಿನೊಣ ತಂದ ವೈರಸ್ ಇರಬಹುದು, ಅದಕ್ಕೆ ಮದ್ದಿಲ್ಲ, ಕಿತ್ತು ಹಾಕುವುದೇ ದಾರಿ. ಮೊದಲಿನ ಎರಡಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು ಹಾಕಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸುತ್ತೇನೆ. ಬಾಲ್ಕನಿಯ ನಾಲ್ಕು ಗಿಡಕ್ಕೆ ಇದು ನಡೆಯುತ್ತದೆ, ಹೊಲದ ಮಾತು ಬೇರೆ. ಕರಿ ಥ್ರಿಪ್ಸ್ ಅಂತ ಒಂದು ಬಂದಿದೆ, ಆಗ್ನೇಯ ಏಷ್ಯಾದ್ದು. ನಮ್ಮ ದೇಶದಲ್ಲಿ ಅದನ್ನು 2015ರಲ್ಲಿ ಮೊದಲು ಗುರುತಿಸಿದ್ದು ಬೆಂಗಳೂರಿನಲ್ಲೇ, ಪಪ್ಪಾಯಿ ಗಿಡದ ಮೇಲೆ. 2021ರಲ್ಲಿ ಅದು ತೆಲಂಗಾಣ, ಆಂಧ್ರ, ಕರ್ನಾಟಕದ ಮೆಣಸಿನ ಹೊಲಗಳಿಗೆ ನುಗ್ಗಿ ಹೂವಿನೊಳಗೇ ಕೂತು ಬೆಳೆಯನ್ನು ಮುಗಿಸಿತು. ನಾಲ್ಕು ಕುಂಡಕ್ಕೆ ಮುರುಟು ಬಂದಾಗ ನನಗೆ ನಿದ್ದೆ ಬಂದಿರಲಿಲ್ಲ. ನಾಲ್ಕು ಎಕರೆಯವರ ಕಥೆ ಏನು?

ಅಡುಗೆಗೆ ಬಂದರೆ, ಮೇಲಿನ ಮೂರು ಸಂಗತಿ ಗೊತ್ತಿದ್ದರೆ ಸಾಕು. ಖಾರ, ಬಣ್ಣ ಎರಡೂ ಎಣ್ಣೆಯಲ್ಲಿ ಕರಗುವಂಥವು. ಅದಕ್ಕೇ ಮೆಣಸಿನಪುಡಿಯನ್ನು ಕುದಿಯುವ ನೀರಿಗೆ ಹಾಕುವುದಕ್ಕಿಂತ ಸಣ್ಣ ಉರಿಯ ಎಣ್ಣೆಗೆ ಹಾಕಿ ಎರಡು ಸಲ ಕೈಯಾಡಿಸಿದರೆ ಬಣ್ಣ ಬಿಡುತ್ತದೆ. ಹತ್ತು ಸೆಕೆಂಡ್ ಜಾಸ್ತಿಯಾದರೆ ಕಹಿ. ಒಣಮೆಣಸಿನಕಾಯಿ ಹುರಿಯುವಾಗಲೂ ಅಷ್ಟೇ, ಉಬ್ಬಿ ಹೊಳೆಯುವಾಗ ಇಳಿಸಬೇಕು, ಕಂದಾದರೆ ಕೆಂಪು ಹೋಯಿತು, ಘಾಟು ಮಾತ್ರ ಮನೆ ತುಂಬಾ. ಸಾರಿನ ಪುಡಿಗೆ ನಾನು ನಾಲ್ಕು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು ಹಾಕುತ್ತೇನೆ: ಬಣ್ಣಕ್ಕೆ ಒಂದು, ಖಾರಕ್ಕೆ ಒಂದು. ಖಾರ ಹೆಚ್ಚಾದರೆ ಕುದಿಸಿ ಕಮ್ಮಿ ಮಾಡಲು ಆಗುವುದಿಲ್ಲ, ಒಲೆಯ ಬಿಸಿಗೆಲ್ಲ ಕ್ಯಾಪ್ಸೈಸಿನ್ ಬಗ್ಗುವಂಥದ್ದಲ್ಲ. ತೆಂಗಿನ ಹಾಲು, ತುಪ್ಪ, ಒಂದು ಚೂರು ಬೆಲ್ಲ, ಇಲ್ಲವೇ ಇನ್ನಷ್ಟು ಬೇಳೆ. ಆಲೂಗಡ್ಡೆ ಹಾಕಿದರೆ ಖಾರ ಹೀರುತ್ತದೆ ಅನ್ನುತ್ತಾರೆ. ಅದು ಹೀರುವುದಕ್ಕಿಂತ ಪಾಲು ಹಂಚಿಕೊಳ್ಳುವುದೇ ಹೆಚ್ಚು.

ನನ್ನ ಗಿಡದ ಮೊದಲ ಕಾಲು ಕಿಲೋ ಹಣ್ಣು ಮೆಣಸಿನಕಾಯಿ ರಂಜಕಕ್ಕೆ ಹೋಯಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ಇದಕ್ಕೆ ಕೆಂಪು ಖಾರ ಅಂತಲೂ ಹೇಳುತ್ತಾರೆ. ತೊಳೆದು, ಬಟ್ಟೆಯ ಮೇಲೆ ನೀರಿನ ಪಸೆ ಇಲ್ಲದಂತೆ ಒಣಗಿಸಿ, ತೊಟ್ಟು ತೆಗೆದು, ಬೆಳ್ಳುಳ್ಳಿ, ಉಪ್ಪು, ಹುಣಸೆ, ಚೂರು ಬೆಲ್ಲ, ಹುರಿದ ಮೆಂತ್ಯದ ಪುಡಿ ಸೇರಿಸಿ ತರಿತರಿಯಾಗಿ ರುಬ್ಬಿ ಭರಣಿಯಲ್ಲಿ ಒಂದು ದಿನ ಬಿಟ್ಟು ಒಗ್ಗರಣೆ. ಜೋಳದ ರೊಟ್ಟಿ, ಬೆಣ್ಣೆ, ಇದು. ಬೆಣ್ಣೆ ಯಾಕೆ ಅಂತ ಈಗ ಹೇಳಬೇಕಿಲ್ಲ. ಸೂಜಿ ಮೆಣಸು ಶಿರಸಿ ಕಡೆಯ ಅಪ್ಪೆಹುಳಿಗೆ ಒಂದೆರಡು ಸಾಕು. ಬಜ್ಜಿ ಮೆಣಸಿನಕಾಯಿ ಉಳಿದರೆ ಸೀಳಿ ಉಪ್ಪು ಮೊಸರಿಗೆ ಹಾಕಿ, ಹಗಲು ಬಿಸಿಲಿಗೆ, ರಾತ್ರಿ ಮತ್ತೆ ಮೊಸರಿಗೆ, ಮೊಸರು ಮುಗಿಯುವ ತನಕ. ಬಾಳಕ ರೆಡಿ. ಜೊಲೊಕಿಯಾವನ್ನು ನಾನು ಹೆಚ್ಚುವುದೇ ಇಲ್ಲ. ಇಡೀ ಕಾಯಿಯನ್ನು ಒಡೆಯದಂತೆ ಸಾಂಬಾರಿಗೆ ಬಿಟ್ಟು, ಐದು ನಿಮಿಷಕ್ಕೆ ಸೌಟಿನಲ್ಲಿ ಹಿಡಿದು ತೆಗೆಯುತ್ತೇನೆ. ಘಮ ಬರುತ್ತದೆ, ಜನ ಬದುಕುತ್ತಾರೆ.

ಅಂದ ಹಾಗೆ ಇಷ್ಟೆಲ್ಲ ನಮ್ಮದು ಅನ್ನಿಸುವ ಈ ಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರು 16ನೇ ಶತಮಾನದಲ್ಲಿ ಹಡಗಿನಲ್ಲಿ ತಂದದ್ದು. ಅದಕ್ಕೂ ಮೊದಲು ನಮ್ಮ ಖಾರ ಅಂದರೆ ಮೆಣಸು, ಕಾಳುಮೆಣಸು. ಹೊಸ ಕಾಯಿಗೆ ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ ಹಳೆಯ ಮೆಣಸಿಗೆ 'ಕಾಯಿ' ಸೇರಿಸಿಬಿಟ್ಟರು. ಆಮೇಲೆ ಅದೇ ಮೆರೆದು, ಹಳೆಯದು 'ಕರಿಮೆಣಸು' ಅಂತ ಗುರುತು ಹೇಳಿಕೊಳ್ಳಬೇಕಾಯಿತು. ಕೊಡಗಿನವರು ಮಾತ್ರ ಸೂಜಿ ಮೆಣಸನ್ನು ಪರಂಗಿ ಮಳು ಅನ್ನುತ್ತಾರೆ, ಪರಂಗಿಯವರು ತಂದದ್ದು ಅನ್ನುವುದನ್ನು ಹೆಸರಿನಲ್ಲೇ ಉಳಿಸಿಕೊಂಡಿದ್ದಾರೆ.

ಕೊನೆಗೊಂದು ಪ್ರಯೋಗ ನಡೆದಿದೆ. ಮೆಣಸಿನ ಹೂ ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ, ಆದರೆ ಜೇನು ಬಂದರೆ ಪಕ್ಕದ ಗಿಡದ ಪರಾಗವೂ ಸೇರಬಹುದು. ಹಾಗಾದರೂ ಈ ವರ್ಷದ ಕಾಯಿಯ ಖಾರ ಬದಲಾಗುವುದಿಲ್ಲ, ಬದಲಾಗುವುದು ಅದರ ಬೀಜದಿಂದ ಬರುವ ಗಿಡ. ಕಳೆದ ವರ್ಷ ನನ್ನ ಬ್ಯಾಡಗಿ ಮತ್ತು ಜೊಲೊಕಿಯಾ ಕುಂಡಗಳು ಒಂದರ ಪಕ್ಕ ಒಂದು ಇದ್ದವು. ಆ ಬ್ಯಾಡಗಿಯ ಬೀಜವನ್ನೇ ಜೂನಿನಲ್ಲಿ ಹಾಕಿದೆ. ಒಂಬತ್ತು ಸಸಿ ಎದ್ದಿವೆ, ಎಂಟು ತಾಯಿಯ ಹಾಗೇ ಇವೆ. ಒಂಬತ್ತನೆಯದರ ಎಲೆ ಮಾತ್ರ ಅಂಗೈಯಷ್ಟು ಅಗಲ, ಸುಕ್ಕು ಬೇರೆ. ಮೊನ್ನೆ ಅದರಲ್ಲಿ ಮೊದಲ ಮೊಗ್ಗು ಕಂಡಿತು. ಮೊದಲ ಕಾಯಿಯ ರುಚಿ ನೋಡುವವರು ಯಾರು ಅನ್ನುವುದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.